ಗಸಗಸಿ ಕಾಳಿನ ಮದ್ದು

ರೂಪಾಯಿ ಅಗಲದ ಒಂದು ಬಟ್ಟೆಯ ಚೂರನ್ನು ನಾನು ನನ್ನ ತಮ್ಮನ ಕೈಗೆ ಕೊಡಬೇಕಾಗಿತ್ತು. ಕೊಡಲಿಲ್ಲ. ಅದನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಬೇರೊಂದು ಚೂರನ್ನು ಕೊಟ್ಟೆ. ಅವನು ಅದನ್ನು ನಂಬಿದ. ನಾನು ಮಾಡಿದ್ದು ಇಷ್ಟೇ. ಇಷ್ಟರಿಂದ ಅವನ ಕೈಯಿಂದ ಬಂದೂಕು ಹೋಯಿತು, ಬಂದೂಕಿನ ಜೊತೆ ಊರೂ ಹೋಯಿತು.

ನಮ್ಮದು ಗಜೇಂದ್ರಗಡದ ಗುಡ್ಡದ ಸಾಲಿಗೆ ಹತ್ತಿದ ಲಕ್ಕಲಕಟ್ಟಿ. ಮನೆಯಲ್ಲಿ ಅವ್ವ, ತಮ್ಮ, ನಾನು. ಅಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ತಮ್ಮ ಸಣ್ಣವನಿದ್ದಾಗ ಜ್ವರ ಬಂದು ಎಡಗಾಲು ಸೊರಗಿತ್ತು. ನೇಗಿಲ ಹಿಂದೆ ನಡೆಯುವುದು ಅವನಿಂದ ಆಗುತ್ತಿರಲಿಲ್ಲ. ಅದಕ್ಕೇ ಇದ್ದ ಹೊಲವನ್ನು ಪಾಲಿಗೆ ಹಾಕಿದ್ದೆವು. ಆದರೆ ಅಜ್ಜನ ಕಾಲದ ಬಂದೂಕು ಅವನ ಕೈಗೆ ಒಗ್ಗಿತ್ತು. ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ ಗುಡ್ಡದಿಂದ ಕಾಡುಹಂದಿಗಳು ಇಳಿಯುತ್ತಿದ್ದವು. ಒಂದೇ ರಾತ್ರಿಯಲ್ಲಿ ಹೊಲವನ್ನು ರಂಟಿ ಹೊಡೆದಂತೆ ಕೆದರಿ ಹೋಗುತ್ತಿದ್ದವು. ಗುಡ್ಡದ ಬುಡದ ಹೊಲದವರೆಲ್ಲ ಕೂಡಿ ಒಬ್ಬ ಬಂದೂಕಿನವನನ್ನು ಕಾವಲಿಗೆ ಇಟ್ಟುಕೊಂಡು, ರಾಶಿಯ ಹೊತ್ತಿಗೆ ಕಣದಲ್ಲೇ ಅವನ ಪಾಲು ಕೊಡುತ್ತಿದ್ದರು. ಆ ಕಾವಲು ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ತಮ್ಮನಿಗೆ ಬಂದಿತ್ತು. ಊರು ಅವನನ್ನು ಕುಂಟ ಅನ್ನದೆ ಕಾವಲಿನವ ಅನ್ನುವಂತೆ ಮಾಡಿದ್ದು ಅದೊಂದೇ.

ನಾನು ಅವನಿಗಿಂತ ಎರಡು ವರ್ಷ ದೊಡ್ಡವಳು. ಮೂರನೇ ಇಯತ್ತೆಗೆ ಸಾಲಿ ಬಿಡಿಸಿ, ಮುಂದೆ ಶಿರೋಳಕ್ಕೆ ಕೊಟ್ಟರು. ಅಲ್ಲಿ ಬಾಳುವೆ ಆಗಲಿಲ್ಲ. ನಾನು ಹೋದ ವರ್ಷ ಅವರ ಎತ್ತು ಸತ್ತಿತು, ಮರುವರ್ಷ ಮಾವ ಹಾಸಿಗೆ ಹಿಡಿದ. ಎರಡಕ್ಕೂ ನನ್ನ ಕಾಲ್ಗುಣವೇ ಕಾರಣ ಎಂದರು. ತವರಿಗೆ ಬಂದ ಮೇಲೆ ನಮ್ಮೂರಿನವರೂ ಅದೇ ಮಾತು ಆಡತೊಡಗಿದರು. ಎದುರಿಗೆ ಅಲ್ಲ, ಬಾವಿಯ ಕಟ್ಟೆಯ ಮೇಲೆ ನಾನು ಬೆನ್ನು ತಿರುಗಿಸಿದ ಮೇಲೆ. ತಮ್ಮ ಮಾತ್ರ ಏನನ್ನೂ ಕೇಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ನಾನು ಬಂದ ಮೂರು ನಾಲ್ಕು ದಿನಕ್ಕೆ ಅಟ್ಟದ ಮೇಲಿನ ಎರಡು ಸಾಣಿಗೆ, ಅಂದರೆ ಜರಡಿ, ಇಳಿಸಿ ನನ್ನ ಮುಂದಿಟ್ಟ. ಬಂದೂಕಿನ ಮದ್ದು ಸಾಣಿಸುವುದನ್ನು ಕಲಿಸಿದ.

ಆ ಬಂದೂಕಿನ ನಳಿಗೆಯೊಳಗೆ ತಿರುವು ತಿರುವಾಗಿ ಗೀರುಗಳಿದ್ದವು. ಬಾಯಿಂದಲೇ ಮದ್ದು ಸುರಿದು, ಎಣ್ಣೆ ಹಚ್ಚಿದ ಚಿಂದಿಯಲ್ಲಿ ಸೀಸದ ಗುಂಡನ್ನು ಸುತ್ತಿ, ಗಜ ಎನ್ನುವ ಉದ್ದ ಸಲಾಕೆಯಿಂದ ಒಳಗೆ ದೂಡಬೇಕು. ಗುಂಡು ನಳಿಗೆಗಿಂತ ಕೂದಲಷ್ಟು ಸಣ್ಣದು. ಗೀರನ್ನು ಹಿಡಿಯುವುದು ಗುಂಡಲ್ಲ, ಚಿಂದಿ. ಚಿಂದಿ ಗಟ್ಟಿಯಾಗಿದ್ದರೆ ಗುಂಡು ಬುಗುರಿಯಂತೆ ತಿರುಗುತ್ತ ನೆಟ್ಟಗೆ ಹೋಗುತ್ತದೆ. ಅದು ನಳಿಗೆಯಲ್ಲೇ ಸುಟ್ಟರೆ ಗುಂಡಿಗೆ ದಿಕ್ಕು ಇರುವುದಿಲ್ಲ. ಚಿಂದಿಗೆ ನಾವು ಮಾದರಪಾಟ ಎನ್ನುವ ಒರಟು ಹತ್ತಿ ಬಟ್ಟೆ ಕತ್ತರಿಸುತ್ತಿದ್ದೆವು, ಕುಸುಬಿ ಎಣ್ಣೆಯಲ್ಲಿ ಜೇನುಮೇಣ ಕರಗಿಸಿ ಹಚ್ಚುತ್ತಿದ್ದೆವು.

ಮದ್ದು ಗಜೇಂದ್ರಗಡದ ಪೇಟೆಯ ಪರವಾನಿಗಿ ಅಂಗಡಿಯಿಂದ ಬರುತ್ತಿತ್ತು. ಅದರಲ್ಲಿ ದಪ್ಪ, ಸಣ್ಣ ಎಲ್ಲ ಕಾಳೂ ಕೂಡಿರುತ್ತಿದ್ದವು. ತಮ್ಮ ಮೊದಲ ದಿನ ಅಡುಗೆಮನೆಯಿಂದ ಮೂರು ಚಿಟಿಕೆ ತಂದು ನನ್ನ ಅಂಗೈಯಲ್ಲಿ ಬೇರೆ ಬೇರೆಯಾಗಿ ಇಟ್ಟ.

"ಇದು ಸಾಸಿವಿ, ಇದು ಗಸಗಸಿ, ಇದು ಸಣ್ಣ ರವಾ. ನಮ್ಮ ಮುದುಕಿಗೆ ಗಸಗಸಿನ ಬೇಕ ಅಕ್ಕಾ. ಸಾಸಿವಿ ಕೊಟ್ರ ನಿದ್ದಿ ಮಾಡ್ತಾಳ. ರವಾ ಕೊಟ್ರ ಮೈಮ್ಯಾಲ ಬರ್ತಾಳ."

ಮುದುಕಿ ಎಂದರೆ ಬಂದೂಕು. ದಪ್ಪ ಕಾಳು ನಿಧಾನ ಉರಿಯುತ್ತದೆ, ಗುಂಡು ದೂರ ಹೋಗದೆ ಬೀಳುತ್ತದೆ. ಸಣ್ಣ ಕಾಳು ಒಮ್ಮೆಲೇ ಉರಿಯುತ್ತದೆ. ಸಣ್ಣ ನಳಿಗೆಯ ಬಂದೂಕಿಗೆ ಅದು ಸರಿ. ನಮ್ಮದು ಹೆಬ್ಬೆರಳು ಹೋಗುವಷ್ಟು ದೊಡ್ಡ ನಳಿಗೆ. ಅಷ್ಟೇ ಅಳತೆ ಸಣ್ಣ ಕಾಳು ಹಾಕಿದರೆ ಚಿಂದಿ ಸುಟ್ಟು ತೂತಾಗುತ್ತದೆ. ಅದಕ್ಕೇ ಎರಡು ಸಾಣಿಗೆ. ಮೊದಲು ದಪ್ಪ ಕಣ್ಣಿನದರಲ್ಲಿ ಸಾಣಿಸಿದರೆ ಸಾಸಿವೆಯಂಥದು ಮೇಲೆ ಉಳಿಯುತ್ತದೆ. ಅದನ್ನು ಹಬ್ಬಕ್ಕೆ ಗರ್ನಾಲು ಹಾರಿಸುವವರಿಗೆ ಅಂತ ಬೇರೆ ಡಬ್ಬಿಯಲ್ಲಿ ಹಾಕುವುದು. ಕೆಳಗೆ ಬಿದ್ದದ್ದನ್ನು ಸಣ್ಣ ಕಣ್ಣಿನದರಲ್ಲಿ ಸಾಣಿಸಿದರೆ ಗಸಗಸಿಯಂಥದು ಮೇಲೆ ನಿಲ್ಲುತ್ತದೆ, ಪುಡಿ ಕೆಳಗೆ ಬೀಳುತ್ತದೆ. ಇಟ್ಟುಕೊಳ್ಳಬೇಕಾದದ್ದು ಮೇಲೆ ನಿಂತದ್ದನ್ನು.

ಅಳತೆ ಸರಿ ಇದೆಯೋ ಇಲ್ಲವೋ ಅಂತ ಹೇಳುವುದೂ ಚಿಂದಿಯೇ. ಗುಂಡು ಹಾರಿದ ಮೇಲೆ ಚಿಂದಿ ಹತ್ತು ಹದಿನೈದು ಹೆಜ್ಜೆ ಮುಂದೆ ಬೀಳುತ್ತದೆ. ಅದರ ನಡುವೆ ಕಪ್ಪು ಗುಂಡಗೆ ಕೂತು, ಅಂಚು ಬಿಳಿದಾಗಿ ಉಳಿದಿದ್ದರೆ ಎಲ್ಲ ಸರಿ. ತೂತು ಬಿದ್ದಿದ್ದರೆ ಅಳತೆ ಇಳಿಸಬೇಕು, ಇಲ್ಲವೇ ಚಿಂದಿಯನ್ನು ಎರಡು ಪದರು ಮಾಡಬೇಕು. ಗುಡ್ಡದ ಓಣಿಯಲ್ಲಿ ತಾಲೀಮು ಮಾಡುವಾಗ ಪ್ರತಿ ಸಲ ನಾನು ಓಡಿಹೋಗಿ ಚಿಂದಿ ಹೆಕ್ಕಿ ತಂದು ಕೊಡುತ್ತಿದ್ದೆ. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಶಿರೋಳದಿಂದ ಬಂದ ಮೇಲೆ ನಾನು ಮಾಡಿದ ಕೆಲಸಕ್ಕೆ "ಛಲೋ ಆಗೇತಿ ಅಕ್ಕಾ" ಅನ್ನುವ ಮಾತು ಬರುತ್ತಿದ್ದದ್ದು ಅದೊಂದು ಜಾಗದಲ್ಲಿ.

ಮದ್ದು ನಾನು ಸಾಣಿಸುವುದು ಊರಿಗೆ ಗೊತ್ತಿರಲಿಲ್ಲ. ಹಾರಿ ಬಿದ್ದ ಚಿಂದಿ ಹೆಕ್ಕಿದರೆ ಯಾರೂ ಏನೂ ಅನ್ನುತ್ತಿರಲಿಲ್ಲ, ಆದರೆ ಬಂದೂಕಿನ ಸಾಮಾನನ್ನು ಹೆಂಗಸರು ಮುಟ್ಟಬಾರದು ಎಂಬ ಮಾತು ನಮ್ಮ ಕಡೆ ಇತ್ತು. ಅದರಲ್ಲೂ ನನ್ನಂಥವಳು. ತಮ್ಮ ಅದನ್ನು ಅವ್ವನಿಗೂ ಹೇಳಿರಲಿಲ್ಲ.

ಆ ವರ್ಷ ನರಗುಂದದ ಕಡೆಯಿಂದ ಒಬ್ಬ ಬಂದ. ತೋಟಾ ಹಾಕುವ ಹೊಸ ಬಂದೂಕು ಇತ್ತು ಅವನಲ್ಲಿ. ನಳಿಗೆಯನ್ನು ಬುಡದಲ್ಲಿ ಮಡಚಿ ತೋಟಾ ಹಾಕಿದರೆ ಆಯಿತು, ಗಜವೂ ಬೇಡ ಚಿಂದಿಯೂ ಬೇಡ. ತನ್ನನ್ನೇ ಕಾವಲಿಗೆ ಇಟ್ಟುಕೊಳ್ಳಿ, ಕಡಿಮೆ ಪಾಲಿಗೆ ಬರುತ್ತೇನೆ ಎಂದ. ಊರ ಹಿರಿಯರು ಎರಡು ಮನಸ್ಸಾದರು. ಕೊನೆಗೆ, ಇಬ್ಬರೂ ಕೆರೆಯ ಏರಿಗೆ ಬರಲಿ, ಮೂರು ಮೂರು ಗುಂಡು ಹಾರಿಸಲಿ, ಅರವತ್ತು ಹೆಜ್ಜೆ ದೂರದ, ಸುಣ್ಣ ಹಚ್ಚಿದ ಗಡಿಗೆಯನ್ನು ಒಡೆದವನಿಗೆ ಕಾವಲು ಎಂದು ತೀರ್ಮಾನವಾಯಿತು. ತಮ್ಮ ನಕ್ಕುಬಿಟ್ಟ. ಅಷ್ಟು ದೂರದಲ್ಲಿ ಅವನು ಗಡಿಗೆಯನ್ನಲ್ಲ, ಗಡಿಗೆಯ ಕಂಠವನ್ನು ಹೊಡೆಯುತ್ತಿದ್ದ.

ಹಿಂದಿನ ದಿನ ಮಧ್ಯಾಹ್ನ ಹಿತ್ತಲಲ್ಲಿ ಮದ್ದು ಸಾಣಿಸಲು ಕೂತೆ. ದಪ್ಪ ಸಾಣಿಗೆ ಮುಗಿಸಿ ಸಣ್ಣದನ್ನು ಕೈಗೆ ತೆಗೆದುಕೊಳ್ಳುವ ಹೊತ್ತಿಗೆ ನೆರೆಮನೆಯ ಹೆಂಗಸು ಗೋಡೆಯ ಆಚೆಯಿಂದ ಮಾತಾಡಿಸಿದಳು. ನಾನು ಹಿಟ್ಟು ಸಾಣಿಸುತ್ತಿದ್ದೇನೆ ಎಂದುಕೊಂಡಿದ್ದಳು. ಅವಳು ಶಿರೋಳಕ್ಕೆ ಹೋಗಿ ಬಂದಿದ್ದಳಂತೆ. ನನ್ನ ಗಂಡ ಇನ್ನೊಬ್ಬಳನ್ನು ಮನೆಗೆ ತಂದಿದ್ದಾನೆ, ಅವಳಿಗೆ ಈಗ ಐದು ತಿಂಗಳು, ಮಾವನೂ ಎದ್ದು ಓಡಾಡುತ್ತಿದ್ದಾನೆ ಎಂದು ಒಂದೊಂದಾಗಿ ಹೇಳಿದಳು. ನಾನು ಹೌದೇನು, ಹೌದೇನು ಅನ್ನುತ್ತ ಕೂತಿದ್ದೆ. ಕೈ ಸಾಣಿಸುತ್ತಲೇ ಇತ್ತು. ಬುದ್ಧಿ ಶಿರೋಳದಲ್ಲಿದ್ದಾಗ ಕೈ ತನಗೆ ಗೊತ್ತಿದ್ದದ್ದನ್ನು ಮಾಡಿತು. ಹುಟ್ಟಿದಾಗಿನಿಂದ ಹಿಟ್ಟು ಸಾಣಿಸಿದ ಕೈ ಅದು. ಹಿಟ್ಟಿನಲ್ಲಿ ಇಟ್ಟುಕೊಳ್ಳುವುದು ಕೆಳಗೆ ಬಿದ್ದದ್ದನ್ನು. ಮೇಲೆ ಉಳಿದದ್ದು ತೌಡು. ನಾನು ಮೇಲೆ ನಿಂತ ಗಸಗಸಿಯನ್ನು ಗರ್ನಾಲಿನ ಡಬ್ಬಿಗೆ ಸುರಿದೆ. ಕೆಳಗೆ ಬಿದ್ದ ಪುಡಿಯನ್ನು ತಮ್ಮ ಮದ್ದು ಒಯ್ಯುವ ಕೊಂಬಿಗೆ ತುಂಬಿ, ಬಿರಡೆ ಹಾಕಿದೆ.

ಯಾವಾಗಲೂ ಅವನು ಕೊಂಬಿನಿಂದ ಒಂದು ಚಿಟಿಕೆ ಅಂಗೈ ಮೇಲೆ ಹಾಕಿಕೊಂಡು ನೋಡುತ್ತಿದ್ದ. ಅವತ್ತು ಮುಂಜಾನೆ ನೋಡಲಿಲ್ಲ. ಅಕ್ಕ ಸಾಣಿಸಿದ್ದಲ್ಲವೇ ಎಂದು ಹೆಗಲಿಗೆ ಹಾಕಿಕೊಂಡು ನಡೆದ.

ಕೆರೆಯ ಏರಿಯ ಕೆಳಗೆ ಊರೇ ಸೇರಿತ್ತು. ಹಿರಿಯರು ಕಂಬಳಿ ಹಾಸಿಕೊಂಡು ಕೂತಿದ್ದರು. ಕಾಲಿನ ಕಾರಣ ತಮ್ಮನಿಗೆ ಚಿಂದಿ ತರಲು ಓಡಲಾಗುವುದಿಲ್ಲ, ಅದಕ್ಕೆ ನಾನು ನೀರಿನ ತಂಬಿಗೆ ಹಿಡಿದುಕೊಂಡು ಅವನ ಹಿಂದೆ ಹೋಗಿದ್ದೆ. ಹಿರಿಯರಲ್ಲೊಬ್ಬರು ನನ್ನನ್ನು ನೋಡಿ ತಮ್ಮನಿಗೆ ಅಂದರು:

"ಹೆಣ್ಣಮಗಳ್ನ ಯಾಕ ಕರ್ಕೊಂಡ ಬಂದ್ಯೋ? ಬಂದೂಕಿಗೆ ಬಾಣಂತನ ಮಾಡ್ಸಾಕೇನು?"

ಎಲ್ಲರೂ ನಕ್ಕರು. ತಮ್ಮನೂ ನಕ್ಕ. "ಮುದುಕಿ ಅದಾಳ್ರಿ, ಒಬ್ರು ಬೇಕಾಗ್ತದ" ಎಂದು ಕಣ್ಣನ್ನು ಗಡಿಗೆಯ ಮೇಲಿಟ್ಟೇ ಮದ್ದು ಅಳೆದು ಸುರಿದ. ಚಿಂದಿ ಇಟ್ಟು, ಗುಂಡು ಕೂರಿಸಿ, ಗಜ ದೂಡಿ, ಮದ್ದಿಗೆ ಕಿಡಿ ಕೊಡುವ ಕೇಪು ಹಾಕಿದ.

ಸದ್ದು ಬಂದ ಕೂಡಲೇ ಏನೋ ತಪ್ಪಿದೆ ಎಂದು ಗೊತ್ತಾಯಿತು. ಮುದುಕಿಯ ಸದ್ದು ದಪ್ಪ, ದೂರದ ಗುಡುಗಿನಂತೆ. ಇದು ಒಣಗಿದ ಹಲಗೆ ಸೀಳಿದಂತಿತ್ತು. ಗಡಿಗೆಯ ಬಲಕ್ಕೆ ಒಂದು ಮಾರು ದೂರದಲ್ಲಿ ಏರಿಯ ಮಣ್ಣು ಹಾರಿತು. ತಮ್ಮ ಭುಜ ಹಿಡಿದುಕೊಂಡು ನಿಂತಿದ್ದ.

"ಭಾಳ ಒದೀತು" ಎಂದು ಮೆಲ್ಲಗೆ ಅಂದ. ಆಮೇಲೆ ನನ್ನ ಕಡೆ ತಿರುಗಿದ. "ಅಕ್ಕಾ, ಚಿಂದಿ ತಾ."

ನಾನು ಹೋದೆ. ಹುಲ್ಲಿನ ಮೇಲೆ ಚಿಂದಿ ಬಿದ್ದಿತ್ತು, ಇನ್ನೂ ಹೊಗೆಯಾಡುತ್ತಿತ್ತು. ನಡುವೆ ಬೆರಳು ತೂರುವಷ್ಟು ತೂತು, ಅಂಚು ಹರಿದು ಎಳೆ ಎಳೆ. ಬಗ್ಗಿ ನಿಂತಲ್ಲೇ ಹಿಂದಿನ ಮಧ್ಯಾಹ್ನವೆಲ್ಲ ಕಣ್ಣಿಗೆ ಬಂತು. ಗೋಡೆಯಾಚೆಯ ದನಿ, ಕೈಯಲ್ಲಿ ಸಾಣಿಗೆ, ನಾನು ಯಾವುದನ್ನು ಎಲ್ಲಿ ಸುರಿದೆ ಎಂಬುದು.

ಅದನ್ನು ಒಯ್ದು ಕೊಟ್ಟರೆ ಸಾಕಾಗಿತ್ತು. ಇನ್ನೂ ಎರಡು ಗುಂಡು ಇದ್ದವು. ಅವನು ಒಮ್ಮೆ ನೋಡಿದ್ದರೆ ಅಳತೆ ಇಳಿಸಿ, ಎರಡು ಚಿಂದಿ ಕೂಡಿಸಿ, ಗಡಿಗೆ ಒಡೆಯುತ್ತಿದ್ದ. ಆದರೆ ಅವನು ಮೊದಲು ಕೊಂಬು ಬಗ್ಗಿಸಿ ನೋಡುತ್ತಿದ್ದ, ಇದನ್ನು ಯಾರು ತುಂಬಿದರು ಎಂದು ಹಿರಿಯರು ಕೇಳುತ್ತಿದ್ದರು. ಗಂಡನ ಮನೆ ಕೆಡಿಸಿ ಬಂದವಳು ತಮ್ಮನ ಮದ್ದಿಗೂ ಕೈ ಹಾಕಿದಳು ಎಂಬ ಮಾತು ನನ್ನ ಕಿವಿಯಲ್ಲಿ ಆಗಲೇ ಕೇಳಿಸುತ್ತಿತ್ತು. ಆ ಊರಲ್ಲಿ ನನಗೆ ಉಳಿದದ್ದು ಆ ಮನೆಯ ಒಂದು ಮೂಲೆ. ಅದೂ ಹೋದರೆ ಎಲ್ಲಿಗೆ ಹೋಗಲಿ?

ನನ್ನ ಸೊಂಟದ ಸಂಚಿಯಲ್ಲಿ ಹಿಂದಿನ ವಾರದ ತಾಲೀಮಿನ ಒಂದು ಒಳ್ಳೆ ಚಿಂದಿ ಇತ್ತು. ಹೊಸ ಚಿಂದಿ ಕತ್ತರಿಸಲು ಅಳತೆಗೆ ಅಂತ ಇಟ್ಟುಕೊಂಡಿದ್ದೆ. ಎಲೆ ಅಡಿಕೆ ತೆಗೆಯುವವಳಂತೆ ಸಂಚಿಗೆ ಕೈ ಹಾಕಿದೆ. ಸುಟ್ಟದ್ದು ಎಡಗೈ ಮುಷ್ಟಿಗೆ ಹೋಯಿತು. ಅದರ ಕಿಡಿ ಇನ್ನೂ ಆರಿರಲಿಲ್ಲ, ಅಂಗೈ ಚುರ್ ಎಂದಿತು. ಬಲಗೈಯಿಂದ ಒಳ್ಳೆಯದನ್ನು ತಮ್ಮನಿಗೆ ಕೊಟ್ಟೆ.

ಅವನು ತಿರುಗಿಸಿ ನೋಡಿದ. ಬೆಳಕಿಗೆ ಹಿಡಿದ. ಅಂಚನ್ನು ಉಗುರಿನಿಂದ ಎಳೆದು ನೋಡಿದ.

"ಚಿಂದಿ ಛಲೋ ಐತಿ" ಎಂದ. ಆಮೇಲೆ ತನ್ನ ಬಲಗೈಯನ್ನು ಎತ್ತಿ, ಅದು ಬೇರೆ ಯಾರದೋ ಎಂಬಂತೆ ನೋಡಿಕೊಂಡ.

ಎರಡನೆಯದು ಗಡಿಗೆಯ ಮೇಲಿನಿಂದ ಹಾರಿ ಕೆರೆಗೆ ಬಿತ್ತು. ಈ ಸಲ ಅವನು ಚಿಂದಿ ಕೇಳಲಿಲ್ಲ. ಕೇಳಿಯಾಗಿತ್ತು, ನೋಡಿಯಾಗಿತ್ತು. ಹಿರಿಯರ ಕಡೆಯಿಂದ ಯಾರೋ, ಹಂದಿ ಕೆರೆಯಾಗ ಈಜಾಕ ಹತ್ತಿರಬೇಕು ಅಂದರು. ಮೂರನೆಯದಕ್ಕೆ ಅವನು ಬಹಳ ಹೊತ್ತು ಗುರಿ ಹಿಡಿದ. ಹಣೆಯ ಬೆವರು ಕಣ್ಣಿಗೆ ಇಳಿಯುತ್ತಿತ್ತು. ನಾನು ಬಾಯಿ ತೆರೆದೆ. ಇನ್ನೂ ಹೊತ್ತಿತ್ತು, ಒಂದು ಮಾತು ಸಾಕಿತ್ತು. ಅಷ್ಟರಲ್ಲಿ ಆ ಹಲಗೆ ಸೀಳುವ ಸದ್ದು ಮತ್ತೆ ಬಂತು. ಮಣ್ಣು ಎಡಗಡೆ ಹಾರಿತು.

ನರಗುಂದದ ಕಡೆಯವನು ಎರಡನೆಯ ಗುಂಡಿಗೆ ಗಡಿಗೆ ಒಡೆದ. ಅವನ ಗುರಿಯೂ ಅಂಥ ದೊಡ್ಡದಾಗಿರಲಿಲ್ಲ. ಹಿರಿಯರಿಗೂ ಕೆಡುಕೆನಿಸಿತ್ತು ಎಂದು ಕಾಣುತ್ತದೆ. ಮದ್ದು ಥಂಡಿ ಹಿಡಿದಿತ್ತೇನೋ, ಬಂದೂಕು ಹಳೆಯದಾಯಿತೇನೋ ಎಂದು ತಮ್ಮನಿಗೆ ಒಂದು ನೆಪ ಕೊಡಲು ನೋಡಿದರು. ಅವನು ತೆಗೆದುಕೊಳ್ಳಲಿಲ್ಲ.

"ಮದ್ದಿಂದು ತಪ್ಪಿಲ್ರಿ. ಚಿಂದಿ ನೋಡೇನಿ. ಕೈ ನಂದ ಕೆಟ್ಟೈತಿ."

ಮನೆಗೆ ಬಂದ ಮೇಲೆ ಅವ್ವ ದೃಷ್ಟಿಯಾಗಿದೆ ಎಂದು ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು. ನನ್ನನ್ನೇ ತಾಟು ಹಿಡಿಯಲು ಕರೆದಳು. ಹಿಡಿದು ನಿಂತೆ. ಆಮೇಲೆ ಕೊಂಬಿನಲ್ಲಿ ಉಳಿದ ಮದ್ದನ್ನು ತಿಪ್ಪೆಗೆ ಸುರಿದು, ಮೇಲೆ ನೀರು ಹಾಕಿದೆ. ಸುಟ್ಟ ಚಿಂದಿ ಮುಷ್ಟಿಯಲ್ಲೇ ಇತ್ತು. ಅದನ್ನೂ ಒಲೆಗೆ ಹಾಕಬಹುದಿತ್ತು. ಆಗಲಿಲ್ಲ. ಆ ವಾರ ನಾನು ಒಂದು ಕೌದಿ ಹೊಲಿಯುತ್ತಿದ್ದೆ. ಅದರ ಎರಡು ಪದರಿನ ನಡುವೆ, ಒಂದು ಮೂಲೆಯಲ್ಲಿ ಅದನ್ನಿಟ್ಟು ಮೇಲೆ ಹೊಲಿಗೆ ಹಾಕಿದೆ.

ತಮ್ಮನಿಗೆ ಮೊದಲು ಕಣ್ಣಿನ ಮೇಲೆ ಸಂಶಯ ಬಂತು. ರೋಣದ ದವಾಖಾನೆಗೆ ಹೋದೆವು. ಡಾಕ್ಟರು ಗೋಡೆಯ ಮೇಲಿನ ಅಕ್ಷರ ಓದಿಸಿ, ದೀಪ ಹಿಡಿದು ನೋಡಿ, ಕಣ್ಣು ಗಿಡುಗನ ಕಣ್ಣಿನಂತಿವೆ, ಯಾಕೆ ಬಂದೆ ಎಂದು ಕೇಳಿದರಂತೆ. ಹೊರಗೆ ಬಂದು ಬಸ್ಸಿನ ನಿಲ್ದಾಣದಲ್ಲಿ ಚಹಾ ಕುಡಿಯುತ್ತ ಕೂತೆವು. "ಕಣ್ಣಲ್ಲ ಅಂದ್ರ ಅಂಜಿಕಿನ ಇರಬೇಕು ಅಕ್ಕಾ. ಮಂದಿ ಮುಂದ ನನಗ ಅಂಜಿಕಿ ಬಂದಿರಬೇಕು" ಎಂದ. ಒಬ್ಬ ಗಂಡಸು ಅದನ್ನು ಹೇಳಿಕೊಳ್ಳಲು ಎಷ್ಟು ಕಷ್ಟಪಟ್ಟಿರಬೇಕು. ನಾನು ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳಿದೆ.

ಮುಂದಿನ ಸಲ ಅವನು ರೋಣಕ್ಕೆ ಒಬ್ಬನೇ ಹೋದ. ಬಂದೂಕನ್ನು ಅಲ್ಲಿಯ ಠಾಣೆಯಲ್ಲಿ ಇಟ್ಟು ಬಂದ. ಕಾವಲಿನವ ಅನ್ನುವ ಹೆಸರು ಊರಿಗೆ ಲಗೂನೇ ಮರೆತುಹೋಯಿತು, ಹಳೆಯ ಹೆಸರು ನೆನಪಾಯಿತು. ಸುಗ್ಗಿ ಮುಗಿಯುವುದರೊಳಗೆ ಅವನು ನರಗುಂದದ ಒಂದು ಹತ್ತಿ ಜಿನ್ನಿನ ಕಾರ್ಖಾನೆಯಲ್ಲಿ ಅಂಡಿಗೆ, ಅಂದರೆ ಹತ್ತಿಯ ಮೂಟೆ, ಎಣಿಸುವ ಕೆಲಸಕ್ಕೆ ಸೇರಿದ. ಹೋಗುವ ದಿನ ಅವ್ವ ಅವನ ಹಾಸಿಗೆ ಕಟ್ಟುತ್ತ, ಹೊಸ ಕೌದಿ ಅವನಿಗೇ ಇರಲಿ ಎಂದಳು. ಆ ಕೌದಿ ಬಿಟ್ಟು ಬೇರೆ ಒಯ್ಯಿ ಎನ್ನಲು ನನಗೆ ಒಂದು ಕಾರಣವೂ ಸಿಗಲಿಲ್ಲ. ಹೊತ್ತುಕೊಂಡು ಹೋದ.

ಮೂರು ನಾಲ್ಕು ವರ್ಷ ಅವನು ಅದನ್ನೇ ಹೊದ್ದು ಮಲಗಿದ. ಈ ನಡುವೆ ಅವ್ವ ತೀರಿಕೊಂಡಳು. ರಾಜ್ಯ ಒಂದಾಯಿತು, ಕಚೇರಿಯ ಹಲಗೆಗಳು ಬದಲಾದವು. ನಾನು ಎರಡು ಮೂರು ತಿಂಗಳಿಗೊಮ್ಮೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಸ್ಸು ಹತ್ತಿ ನರಗುಂದಕ್ಕೆ ಹೋಗುತ್ತಿದ್ದೆ. ಪ್ರತಿ ಸಲ ಯಾವಗಲ್ ದಾಟುವಾಗ ಇವತ್ತು ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ಪ್ರತಿ ಸಲ ಅವನ ಕೋಣೆಯ ಮುಂದೆ ಚಪ್ಪಲಿ ಬಿಡುವಾಗ, ಮುಂದಿನ ಸಲ ಎಂದುಕೊಳ್ಳುತ್ತಿದ್ದೆ. ಅವನು ನನ್ನ ಗಂಟು ಬಿಚ್ಚಿ ರೊಟ್ಟಿ ಮುರಿದು ಮೊದಲ ತುತ್ತು ನನಗೇ ಕೊಡುತ್ತಿದ್ದ. ಅದು ಇನ್ನೂ ಕಷ್ಟವಾಗಿತ್ತು.

ಹಾಗೆ ಒಂದು ಚಳಿಗಾಲದ ಮಧ್ಯಾಹ್ನ ಹೋದಾಗ ಅವನು ಒಂದು ವಿಷಯ ಹೇಳಿದ. ಜಿನ್ನಿನಲ್ಲಿ ಹತ್ತಿ ಕಳವಾಗುತ್ತಿತ್ತು. ಮಾಲೀಕರಿಗೆ ಇವನ ಹಳೆಯ ಪರವಾನಿಗೆಯ ಸುದ್ದಿ ಹೇಗೋ ತಿಳಿದಿತ್ತು. ರೋಣದಿಂದ ಬಂದೂಕು ಬಿಡಿಸಿಕೊಡುತ್ತೇನೆ, ಕಾವಲಿನ ಕೆಲಸ ನೀನೇ ಮಾಡು, ಇರಲು ಒಳ್ಳೆ ಮನೆಯನ್ನೂ ಕೊಡುತ್ತೇನೆ ಎಂದಿದ್ದರು. ಮರುದಿನ ಮುಂಜಾನೆ ಉತ್ತರ ಹೇಳಬೇಕಾಗಿತ್ತು.

"ಒಲ್ಲೆ ಅಂತ ಹೇಳ್ತೇನಿ" ಎಂದ ರೊಟ್ಟಿ ಮುರಿಯುತ್ತ. "ಮಂದಿ ಮಾಲು ಕಾಯೋದು, ಆಟ ಅಲ್ಲ. ಈ ಕೈ ನಂಬಾಂಗಿಲ್ಲ. ಅವತ್ತ ಚಿಂದಿ ಅಷ್ಟ ಛಲೋ ಇತ್ತು ಅಕ್ಕಾ, ನೀನ ತಂದ ಕೊಟ್ಟಿದ್ದಿ ಅಲ್ಲ. ಚಿಂದಿ ಛಲೋ ಇದ್ದೂ ಗುಂಡ ನೆಟ್ಟಗ ಹೋಗಲಿಲ್ಲ ಅಂದ್ರ ಮತ್ತೇನ ಉಳೀತು?"

ಅವನು ಸಿಟ್ಟಿನಿಂದ ಹೇಳಲಿಲ್ಲ. ಎಷ್ಟೋ ಸಲ ಲೆಕ್ಕ ಹಾಕಿ ಮುಗಿಸಿದವನಂತೆ ಹೇಳಿದ. ಆ ಲೆಕ್ಕ ತಪ್ಪು ಎಂದು ತೋರಿಸುವ ಚೂರು ಅವನ ಬೆನ್ನ ಹಿಂದೆಯೇ ಇತ್ತು. ಕೌದಿಯನ್ನು ಮಡಚಿ ಗೋಡೆಗೆ ಒರಗಿಸಿದ್ದ.

ನಾನು ಎದ್ದು ಕೌದಿ ಬಿಚ್ಚಿದೆ. ಚಳಿಯಾಗುತ್ತದೆಯೇ ಎಂದು ಅವನು ಕೇಳಿದ. ಮೂಲೆ ಹುಡುಕಿ ಹೊಲಿಗೆಯನ್ನು ಹಲ್ಲಿನಿಂದ ಕಡಿದೆ. ಎಷ್ಟು ಒತ್ತೊತ್ತಾಗಿ ಹೊಲಿದಿದ್ದೆನೆಂದರೆ ದಾರ ಲಗೂ ಬಿಡಲಿಲ್ಲ. ಅವನು ಕೈಯಲ್ಲಿ ರೊಟ್ಟಿ ಹಿಡಿದುಕೊಂಡೇ ನೋಡುತ್ತಿದ್ದ. ಒಳಗಿನಿಂದ ಚಿಂದಿ ತೆಗೆದು ಅವನ ಮುಂದೆ ಇಟ್ಟೆ.

ಅವನು ಕೈ ಒರೆಸಿಕೊಂಡು ಅದನ್ನು ಎತ್ತಿದ. ತಿರುಗಿಸಿದ. ಕಿಟಕಿಯ ಬೆಳಕಿಗೆ ಹಿಡಿದ. ತೂತಿನಿಂದ ಬೆಳಕು ಬಂದು ಅವನ ಕೆನ್ನೆಯ ಮೇಲೆ ಬಿತ್ತು. ಅಂಚಿನ ಕರಿ ಎಳೆಗಳು ಬೆರಳು ತಾಗಿ ಪುಡಿಯಾದವು. ಎಷ್ಟು ವರ್ಷವಾಗಿದ್ದರೂ ಓದುವುದನ್ನು ಮರೆತಿರಲಿಲ್ಲ.

"ರವಾ" ಎಂದ.

"ಹೂಂ."

"ಮೊದಲನೇ ಗುಂಡಿಂದಾ?"

"ಹೂಂ."

"ನನಗ ಕೊಟ್ಟಿದ್ದು?"

"ಹಿಂದಿನ ವಾರದ್ದು. ಸಂಚ್ಯಾಗ ಇತ್ತು."

ಅವನು ಚಿಂದಿಯನ್ನು ಕೆಳಗಿಡಲಿಲ್ಲ. ಬಲಗೈಯನ್ನು ಮಾತ್ರ ಒಮ್ಮೆ ತೆರೆದು, ಮುಚ್ಚಿ ನೋಡಿಕೊಂಡ. ಹೊರಗೆ ಜಿನ್ನಿನ ಪಟ್ಟಾ ತಿರುಗುವ ಸದ್ದು ಬರುತ್ತಿತ್ತು. ನಾನು ಅವನ ಸೊರಗಿದ ಕಾಲಿನ ಹತ್ತಿರ ಕೂತೆ. ದೊಡ್ಡವಳು ನಾನು, ಅವನ ಕಾಲು ಮುಟ್ಟುವಂತಿರಲಿಲ್ಲ. ಮುಟ್ಟಿದೆ. ಅವನು ಹಿಂದೆಳೆದುಕೊಳ್ಳಲು ಹೋದ, ನಾನು ಬಿಡಲಿಲ್ಲ.

"ತಪ್ಪಾತೋ ತಮ್ಮಾ" ಎಂದೆ. "ಮದ್ದು ಕೆಡಿಸಿದ್ದು ಮರವಿ. ಚಿಂದಿ ಮುಚ್ಚಿಟ್ಟಿದ್ದು ಮರವಿ ಅಲ್ಲ, ಗೊತ್ತಿದ್ದ ಮಾಡಿದೆ. ನನ್ನ ಮಾರಿ ಉಳಿಸ್ಕೊಳ್ಳಾಕ ನಿನ್ನ ಕೈ ಕೊಂದೆ. ನಿನ್ನ ಕೈ ಎಂದೂ ಕೆಟ್ಟಿದ್ದಿಲ್ಲ. ತಪ್ಪಾತು."